ನಿಮ್ಮ ಲ್ಯಾಬ್ ಸಿಂಕಿನ ನೀರು ನಮ್ಮೂರ ಕೆರೆಗೆ ಬರ್ತದೆ: ಬೆಂಗಳೂರಿನ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಗೆ,
ಬೆಂಗಳೂರಿನ ಎಲ್ಲಾ ಸೈನ್ಸ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರು ಹಾಗೂ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಮಸ್ಕಾರ. ನಾನು ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ 26 ವರ್ಷ ಕೆಮಿಸ್ಟ್ರಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದು ರಿಟೈರ್ ಆದವನು. ಊರು ಕೋಲಾರ ಜಿಲ್ಲೆ. ಸೊಲ್ಯೂಷನ್ ಮಾಡಿಡೋದು, ಬ್ಯುರೆಟ್ ಹಂಚೋದು, ಮಕ್ಕಳ ರೀಡಿಂಗ್‌ಗೆ ಸೈನ್ ಹಾಕೋದು, ಕೊನೆಗೆ ಎಲ್ಲಾರೂ ಹೋದ ಮೇಲೆ ಲ್ಯಾಬ್ ಕ್ಲೀನ್ ಮಾಡಿಸಿ ಬೀಗ ಹಾಕೋದು, ಇದೇ ನನ್ನ ಕೆಲಸ ಆಗಿತ್ತು. ಕಾಲೇಜಿನ ಹೆಸರು ಬರೆಯಲ್ಲ, ಯಾಕಂದ್ರೆ ಇದು ಒಂದು ಕಾಲೇಜಿನ ಮೇಲೆ ದೂರಲ್ಲ, ಎಕ್ಸ್‌ಟರ್ನಲ್ ಎಕ್ಸಾಮ್‌ಗೆ ಅಂತ ನಾನು ಹೋಗಿ ಬಂದ ಕಾಲೇಜುಗಳಲ್ಲೂ ಇದೇ ನೋಡಿದೀನಿ.

ವಿಷಯ ಇಷ್ಟೇ ಸರ್. ಪ್ರಾಕ್ಟಿಕಲ್ ಮುಗಿದ ಮೇಲೆ ಫ್ಲಾಸ್ಕಲ್ಲಿ ಉಳಿದಿದ್ದು ಎಲ್ಲಿಗೆ ಹೋಗುತ್ತೆ ಅಂತ ನೀವು ಒಂದು ಸಲ ಸಿಂಕ್ ಪಕ್ಕ ನಿಂತು ನೋಡಬೇಕು. "ಸಿಂಕ್‌ಗೆ ಹಾಕಿ ನಲ್ಲಿ ಬಿಡ್ರಪ್ಪ, ಬೇಗ ಬೇಗ" ಅಂತ ಸಾವಿರಾರು ಮಕ್ಕಳಿಗೆ ಹೇಳಿದವನು ನಾನೇ. ನನಗೂ ಹಾಗೇ ಹೇಳಿಕೊಟ್ಟಿದ್ರು. ನೀರು ಜೋರಾಗಿ ಬಿಟ್ರೆ ಎಲ್ಲಾ ತೊಳೆದು ಹೋಗುತ್ತೆ ಅಂತ ನಂಬಿದ್ದೆ, ಆ ತಪ್ಪು ನಂದೂ ಇದೆ, ಅದನ್ನ ಮೊದಲು ಒಪ್ಪಿಕೊಂಡೇ ಈ ಪತ್ರ ಬರೀತಿದೀನಿ.

ಹೆಮಟೈಟ್ ಎಸ್ಟಿಮೇಷನ್, ಅಂದ್ರೆ ಅದಿರಲ್ಲಿ ಕಬ್ಬಿಣ ಎಷ್ಟಿದೆ ಅಂತ ಕಂಡುಹಿಡಿಯೋ ಪ್ರಯೋಗ, ನಿಮಗೆಲ್ಲಾ ಗೊತ್ತಿರೋದೇ. ಅದಿರಿನ ದ್ರಾವಣ ಪಿಪೆಟ್ ಮಾಡಿ, ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕಾಯಿಸಿ, ಹಳದಿ ಬಣ್ಣ ಹೋಗೋ ತನಕ ಸ್ಟಾನಸ್ ಕ್ಲೋರೈಡ್ ಒಂದೊಂದೇ ಹನಿ ಬಿಟ್ಟು, ನಲ್ಲಿ ಕೆಳಗೆ ಫ್ಲಾಸ್ಕ್ ಹಿಡಿದು ತಣ್ಣಗೆ ಮಾಡಿ, ಆಮೇಲೆ ಪಾದರಸದ ಲವಣವಾದ ಮರ್ಕ್ಯುರಿಕ್ ಕ್ಲೋರೈಡ್ ಒಂದೇ ಸಲಕ್ಕೆ ಸುರೀಬೇಕು. ರೇಷ್ಮೆ ಎಳೆ ಥರ ಹೊಳೆಯೋ ಬಿಳಿ ಪ್ರೆಸಿಪಿಟೇಟ್ ಬಂದ್ರೆ ಸರಿ, ಮೇಣದ ಕಾಗದದ ಮೇಲೆ ಇಂಡಿಕೇಟರ್ ಹನಿ ಇಟ್ಟುಕೊಂಡು ಡೈಕ್ರೋಮೇಟ್ ಟೈಟ್ರೇಷನ್ ಶುರು. ಬೂದು ಅಥವಾ ಕಪ್ಪು ಬಂದ್ರೆ ಸ್ಟಾನಸ್ ಜಾಸ್ತಿ ಆಗಿದೆ, ಪಾದರಸ ಲೋಹವಾಗಿ ಬಿದ್ದಿದೆ ಅಂತ ಅರ್ಥ, ಆಗ "ಹೋಯ್ತು, ಚೆಲ್ಲಿ ಮತ್ತೆ ಮಾಡು" ಅಂತ ಹೇಳ್ತೀವಿ. ಅಂದ್ರೆ ಸರಿ ಮಾಡಿದವರದ್ದೂ ಸಿಂಕ್‌ಗೆ, ತಪ್ಪು ಮಾಡಿದವರದ್ದೂ ಸಿಂಕ್‌ಗೆ, ಮೊದಲನೇ ಸೆಮಿಸ್ಟರ್ ಮಕ್ಕಳಲ್ಲಿ ತಪ್ಪು ಮಾಡೋರೇ ಜಾಸ್ತಿ.

ಒಂದು ದಿನ ಕೂತು ಲೆಕ್ಕ ಹಾಕಿದೆ. ಮರ್ಕ್ಯುರಿಕ್ ಕ್ಲೋರೈಡ್ ಸೊಲ್ಯೂಷನ್ ನೂರು ಎಂಎಲ್‌ಗೆ ಐದು ಗ್ರಾಮ್ ಅಂತ ಹಿಡೀರಿ, ಒಂದು ಫ್ಲಾಸ್ಕಿಗೆ 5 ಎಂಎಲ್ ಅಂದ್ರೆ ಕಾಲು ಗ್ರಾಮ್, ಅದರಲ್ಲಿ ಪಾದರಸದ ಭಾಗ ಸುಮಾರು 185 ಮಿಲಿಗ್ರಾಮ್. ಪರಿಸರ ಸಂರಕ್ಷಣಾ ನಿಯಮದಲ್ಲಿ ಪಬ್ಲಿಕ್ ಸೀವರ್‌ಗೆ ಬಿಡೋ ನೀರಲ್ಲಿ ಪಾದರಸ ಲೀಟರಿಗೆ 0.01 ಮಿಲಿಗ್ರಾಮ್ ದಾಟಬಾರದು ಅಂತ ಇದೆ. ಭಾಗಿಸಿ ನೋಡಿ, 18,500 ಲೀಟರ್. ಒಬ್ಬ ಹುಡುಗನ ಒಂದು ಫ್ಲಾಸ್ಕನ್ನ ಆ ಮಿತಿ ಒಳಗೆ ತರಬೇಕಂದ್ರೆ ನಮ್ಮ ಏರಿಯಾಗಳಿಗೆ ಬರೋ ಆರು ಸಾವಿರ ಲೀಟರಿನ ಟ್ಯಾಂಕರ್ ಮೂರಕ್ಕಿಂತ ಜಾಸ್ತಿ ಬೇಕು! ನಾವು ಬಿಡ್ತಿದ್ದಿದ್ದು ನಲ್ಲಿಯಿಂದ ಅರ್ಧ ನಿಮಿಷ ನೀರು. 30 ಮಕ್ಕಳ ಬ್ಯಾಚು, ತಲಾ ಎರಡು ಸಲ ಅಂದ್ರೂ 11 ಗ್ರಾಮ್ ಪಾದರಸ, ಜ್ವರ ನೋಡೋ ಹಳೇ ಥರ್ಮಾಮೀಟರ್‌ನಲ್ಲಿ ಇರ್ತಿದ್ದಿದ್ದು ಹೆಚ್ಚೂಕಡಿಮೆ ಒಂದು ಗ್ರಾಮ್, ಒಂದು ಮಧ್ಯಾಹ್ನಕ್ಕೆ ಅಂಥ ಹತ್ತು ಥರ್ಮಾಮೀಟರ್ ಒಡೆದು ಚರಂಡಿಗೆ ಹಾಕಿದ ಹಾಗಾಯ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಆಮೇಲೆ ಸಿಲೆಬಸ್ ಬದಲಾಗಿ ಈ ಪ್ರಯೋಗ ಹೋಯ್ತು, ಒಳ್ಳೇದಾಯ್ತು. ಆದ್ರೆ ಬಾಟಲ್ ಬೀರುವಿನಲ್ಲೇ ಇದ್ವು. ನಿಮ್ಮ ಬೀರುವಿನಲ್ಲೂ ಹಿಂದಿನ ಸಾಲಲ್ಲಿ ಲೇಬಲ್ ಹರಿದ ಬಾಟಲ್ ಇದ್ದೇ ಇರ್ತವೆ, ಸ್ಟಾಕ್ ಕ್ಲಿಯರ್ ಮಾಡಿ ಅಂತ ಯಾರೋ ಹೇಳಿದ ದಿನ ಅದು ಸಿಂಕಿನ ದಾರಿನೇ ಹಿಡಿಯೋದು. ಮತ್ತೆ ಕ್ರೋಮಿಯಂ ಇರೋ ಡೈಕ್ರೋಮೇಟ್ ಇದೆ, ಗ್ಲಾಸ್‌ವೇರ್ ತೊಳೆಯೋ ಕ್ರೋಮಿಕ್ ಆಸಿಡ್ ಇದೆ. ಸಿಓಡಿ ಪ್ರಯೋಗ ಇದೆ, ನೀರು ಎಷ್ಟು ಕೆಟ್ಟಿದೆ ಅಂತ ಮಕ್ಕಳಿಗೆ ಅಳೆಯೋದು ಕಲಿಸೋ ಪ್ರಯೋಗ ಅದು, ಅದಕ್ಕೆ ಡೈಕ್ರೋಮೇಟ್, ಸಿಲ್ವರ್ ಸಲ್ಫೇಟ್, ಕ್ಲೋರೈಡ್ ತಡೆಯೋಕೆ ಅಂತ ಎಷ್ಟೋ ಕಡೆ ಮರ್ಕ್ಯುರಿಕ್ ಸಲ್ಫೇಟ್ ಹಾಕ್ತೀವಿ, ಆಮೇಲೆ ಅದನ್ನೇ ನೀರಿಗೆ ಬಿಡ್ತೀವಿ. ಮಕ್ಕಳು ಇದನ್ನ ನೋಡ್ತಾರೆ ಸರ್. ನಾವು ಬೋರ್ಡ್ ಮೇಲೆ ಬರೆದಿದ್ದು ಮರೀತಾರೆ, ಕೈಯಲ್ಲಿ ಮಾಡಿದ್ದು ಮರೆಯಲ್ಲ.

ಒಂದು ಘಟನೆ ಹೇಳ್ಲೇಬೇಕು. ಒಂದ್ಸಲ ಕೊನೆ ಸಾಲಿನ ಸಿಂಕ್ ಕಟ್ಕೊಂಡು ನೀರು ನಿಂತಿತ್ತು. ಹೌಸ್‌ಕೀಪಿಂಗ್ ಕಾಂಟ್ರಾಕ್ಟ್‌ನಲ್ಲಿದ್ದ ಒಬ್ಬರು ಬಂದು ಕೆಳಗಿನ ಬಾಟಲ್ ಟ್ರ್ಯಾಪ್ ತಿರುಗಿಸಿ ಬಿಚ್ಚಿದ್ರು, ಬರೀ ಕೈಯಲ್ಲಿ. ಕಪ್ಪು ಕೆಸರು, ಮುರಿದ ಗಾಜಿನ ಚೂರು, ಲಿಟ್ಮಸ್ ಪೇಪರ್ ತುಂಡು, ಅದರ ಅಡೀಲಿ ಬೆಳ್ಳಿ ಥರ ಮಿನುಗೋ ಗುಂಡುಗುಂಡು ಹನಿ, ವರ್ಷಗಟ್ಟಲೆ ಒಡೆದ ಥರ್ಮಾಮೀಟರುಗಳದ್ದು. ಅವರು ಅದನ್ನ ಅಂಗೈಯಲ್ಲಿ ಹಾಕ್ಕೊಂಡು ಆ ಕಡೆ ಈ ಕಡೆ ಉರುಳಿಸಿ ನಗ್ತಾ "ಎಷ್ಟು ಚೆನ್ನಾಗಿದೆ ಸಾರ್, ಒಂದು ಡಬ್ಬಿ ಕೊಡಿ, ನನ್ನ ಮಗಳಿಗೆ ತೋರಿಸ್ತೀನಿ" ಅಂದ್ರು. ನನ್ನ ಎದೆ ಧಸಕ್ ಅಂತು. ಅವರ ಕೈಯಿಂದ ಇಸ್ಕೊಂಡು ರೀಏಜೆಂಟ್ ಬಾಟಲಿಗೆ ಹಾಕಿ ಮೇಲೆ ನೀರು ತುಂಬಿ ಮುಚ್ಚಳ ಬಿಗಿದೆ, ಕೈ ಸೋಪು ಹಾಕಿ ತೊಳೆಸಿದೆ. ಮಾರನೇ ದಿನ ನೋಡಿದ್ರೆ ಅವರ ಬೆರಳ ತುದಿ ಚರ್ಮ ಹಳದಿಯಾಗಿ ಸಿಪ್ಪೆ ಏಳ್ತಿತ್ತು, ನೈಟ್ರಿಕ್ ಆಸಿಡ್ ತಾಗಿದ್ರೆ ಹಾಗೇ ಆಗೋದು. ಅವರಿಗೆ ಯಾರೂ ಗ್ಲೌಸ್ ಕೊಟ್ಟಿರಲಿಲ್ಲ, ಆ ಪೈಪಲ್ಲಿ ಏನಿದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇದು ಕಾಲೇಜಿನ ಒಳಗಿನ ಟ್ರ್ಯಾಪ್. ಹೊರಗಿನ ಮ್ಯಾನ್‌ಹೋಲ್‌ಗೆ ಸುರಕ್ಷಾ ಸಲಕರಣೆ ಇಲ್ಲದೆ ಮನುಷ್ಯರನ್ನ ಇಳಿಸಬಾರದು ಅಂತ 2013ರ ಕಾಯ್ದೆ ಇದೆ, ಆದ್ರೂ ಇಳಿದು ಸತ್ತವರ ಸುದ್ದಿ ಓದ್ತಾನೇ ಇರ್ತೀವಿ. ಸಾಲ್ಟ್ ಅನಾಲಿಸಿಸ್ ದಿನ ಸಲ್ಫೈಡ್ ಮೇಲೆ ಆಸಿಡ್ ಬಿದ್ರೆ ಯಾವ ಗ್ಯಾಸ್ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದೇ ಆಸಿಡ್ ಮುಚ್ಚಿದ ಚರಂಡಿ ಒಳಗಿನ ಹೂಳಿನ ಮೇಲೆ ಬಿದ್ರೂ ಅದೇ ಗ್ಯಾಸ್, ಉಸಿರಾಡಿದ್ರೆ ಪ್ರಾಣ ತೆಗೆಯೋ ಹೈಡ್ರೋಜನ್ ಸಲ್ಫೈಡ್.

ಈಗ ನಮ್ಮೂರ ಮಾತಿಗೆ ಬರ್ತೀನಿ. ಕೋಲಾರದವರಿಗೆ ನೀರಂದ್ರೆ ಏನು ಅಂತ ಬೆಂಗಳೂರಲ್ಲಿ ಹುಟ್ಟಿದವರಿಗೆ ಹೇಳೋದು ಕಷ್ಟ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸಿ ಬರೀ ಧೂಳು ನೋಡಿ ವಾಪಸ್ ಬಂದ ಮನೆ ನಮ್ದು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ನೀರು, ಲಕ್ಷ್ಮೀಸಾಗರದ ಕೆರೆಗೆ ಬಂತು ಅಂದಾಗ ಜನ ಕೆರೆ ಏರಿ ಮೇಲೆ ನಿಂತು ನೋಡಿದ್ರು. ಕೆಲವೇ ದಿನದಲ್ಲಿ ನೊರೆ ಕಾಣಿಸಿ ಗಲಾಟೆನೂ ಆಯ್ತು. ಆಮೇಲೆ ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ, ಅದು ತುಂಬಿ ಮತ್ತೊಂದಕ್ಕೆ, ಹಾಗೇ ನಮ್ಮೂರ ಕೆರೆಗೂ ಬಂತು. ಅಣ್ಣ ಫೋನ್ ಮಾಡಿ "ಲೋ, ಕೆರೆಗೆ ನೀರು ಬಂದದೆ ಕಣೋ" ಅಂದಾಗ ಅವನ ಗಂಟಲು ಕಟ್ಟಿತ್ತು. ಕೈಬಿಟ್ಟಿದ್ದ ಬೋರಲ್ಲಿ ನೀರು ಏರಿತು, ಟೊಮೇಟೊ ಹಾಕಿದ, ಹಿಪ್ಪುನೇರಳೆ ಕಡ್ಡಿ ನೆಟ್ಟ.

ನಾನು ಮಾತ್ರ ಖುಷಿ ಪಡೋಕೆ ಆಗಲಿಲ್ಲ ಸರ್. ಕೆ.ಸಿ. ಅಂದ್ರೆ ಕೋರಮಂಗಲ-ಚಲ್ಲಘಟ್ಟ. ಆ ಕಣಿವೆಯ ಎಸ್‌ಟಿಪಿಗಳಲ್ಲಿ, ಅಂದ್ರೆ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ, ಶುದ್ಧ ಮಾಡಿ ಪಂಪ್ ಮಾಡೋ ನೀರು, ಯೋಜನೆಯ ಮೊದಲ ಹಂತವೇ ದಿನಕ್ಕೆ 44 ಕೋಟಿ ಲೀಟರಿನದ್ದು. ನಮ್ಮ ಕಾಲೇಜಿನ ಚರಂಡಿ ಸೇರೋದೂ ಅದೇ ಕಣಿವೆಗೆ. ನಾನು ವರ್ಷಗಟ್ಟಲೆ ಮಕ್ಕಳ ಕೈಲಿ ಸುರಿಸಿದ ಸಿಂಕಿನ ಇನ್ನೊಂದು ತುದಿ ನನ್ನ ಅಣ್ಣನ ಹೊಲದ ಬದುವಿನಲ್ಲಿದೆ ಅಂತ ಅವತ್ತು ಗೊತ್ತಾಯ್ತು. ನಿಮ್ಮ ಕಾಲೇಜು ಹೆಬ್ಬಾಳದ ಕಡೆ ಇದ್ರೆ ಆ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ, ಪಶ್ಚಿಮದ ಕಡೆ ಇದ್ರೆ ವೃಷಭಾವತಿ ಹಿಡಿದು ಬೈರಮಂಗಲ ಕೆರೆಗೆ. ಯಾರೋ ಒಬ್ಬ ರೈತನ ಗದ್ದೆಗೆ ಹೋಗದೇ ಇರೋ ಚರಂಡಿ ಬೆಂಗಳೂರಲ್ಲಿ ಇಲ್ಲ ಅಂತಾನೇ ಹೇಳಬಹುದು.

ಕೋಲಾರದ ಕೆರೆ ನೀರು ವಿಷ ಆಗಿದೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ, ಆ ನೀರಿನಿಂದ ನಮ್ಮ ಮನೆ ಉಳಿದಿದೆ. ನಾನು ಹೇಳೋದು ಎಸ್‌ಟಿಪಿ ಏನು ಮಾಡಬಲ್ಲದು ಏನು ಮಾಡಲಾರದು ಅನ್ನೋದು. ಅಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ. ಗಾಳಿ ಊದಿದ ಟ್ಯಾಂಕಲ್ಲಿ ಅವು ಮಲಮೂತ್ರ, ಅಡುಗೆಮನೆ ಕೊಳೆ ತಿಂದು ನೀರು ತಿಳಿ ಮಾಡ್ತವೆ. ಪಾದರಸ, ಕ್ರೋಮಿಯಂ, ಸೀಸ ಅವು ತಿನ್ನಲ್ಲ, ತಿನ್ನೋಕೆ ಆಗಲ್ಲ. ಲೋಹ ಒಂದೋ ಕೆಳಗಿನ ಸ್ಲಡ್ಜ್‌ಗೆ ಸೇರುತ್ತೆ, ಇಲ್ಲಾ ನೀರಿನ ಜೊತೆ ಮುಂದಕ್ಕೆ ಹೋಗುತ್ತೆ, ಎಲ್ಲೂ ಮಾಯ ಆಗಲ್ಲ. ಒಣಗಿದ ಸ್ಲಡ್ಜನ್ನ ಗೊಬ್ಬರ ಅಂತ ರೈತರು ತಗೊಂಡು ಹೋಗೋದೂ ಉಂಟು. ಜೋರು ಆಸಿಡ್ಡು, ಡೈಕ್ರೋಮೇಟಲ್ಲಿರೋ ಹೆಕ್ಸಾವೇಲೆಂಟ್ ಕ್ರೋಮಿಯಂ ಒಟ್ಟಿಗೆ ಬಂದ್ರೆ ಆ ಬ್ಯಾಕ್ಟೀರಿಯಾನೇ ಸಾಯ್ತವೆ, ಆಗ ಮಾಮೂಲಿ ಕೊಳೆನೂ ಸರಿಯಾಗಿ ಕ್ಲೀನ್ ಆಗಲ್ಲ. ದೊಡ್ಡ ಪ್ಲಾಂಟ್ ತಡ್ಕೊಬಹುದು, ನಿಮ್ಮ ಕ್ಯಾಂಪಸ್ಸಿನೊಳಗೇ ಸಣ್ಣ ಎಸ್‌ಟಿಪಿ ಇದ್ದು ಅದರ ನೀರನ್ನ ಗಾರ್ಡನ್‌ಗೆ, ಹಾಸ್ಟೆಲ್ ಫ್ಲಶ್‌ಗೆ ಬಿಡ್ತಿದ್ರೆ ಮೊದಲು ಕೆಡೋದು ಅದೇ. ಕೆರೆ ಕೆಸರಲ್ಲಿ ಸೇರಿದ ಪಾದರಸನ ಅಲ್ಲಿನ ಬ್ಯಾಕ್ಟೀರಿಯಾ ಇನ್ನೂ ವಿಷಕಾರಿಯಾದ ಮಿಥೈಲ್ ಮರ್ಕ್ಯುರಿ ಮಾಡ್ತವೆ, ಅದು ಮೀನಿಗೆ, ಮೀನಿಂದ ತಿಂದವರಿಗೆ. ಜಪಾನಿನ ಮಿನಮಾಟದಲ್ಲಿ ಮಿಥೈಲ್ ಮರ್ಕ್ಯುರಿ ಇದ್ದ ಫ್ಯಾಕ್ಟರಿ ನೀರು ಕೊಲ್ಲಿಗೆ ಬಿಟ್ಟು, ಮೀನು ತಿಂದವರಿಗೆ ಹೀಗೇ ಸೇರಿತು, 1956ರಲ್ಲಿ ಆ ಕಾಯಿಲೆ ಬೆಳಕಿಗೆ ಬಂತು. ಆ ಊರಿನ ಹೆಸರಲ್ಲೇ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2018ರಲ್ಲಿ ಭಾರತನೂ ಸೇರಿದೆ.

ಇಷ್ಟೆಲ್ಲಾ ತಿಳಿದ ಮೇಲೆ ಕೈಕಟ್ಟಿ ಕೂರಲಿಲ್ಲ ಸರ್. ಆಸಿಡ್ ಬರ್ತಿದ್ದ ಹಳೇ ಪ್ಲಾಸ್ಟಿಕ್ ಕ್ಯಾನ್‌ಗಳನ್ನ ತೊಳೆದು ಲ್ಯಾಬ್ ಮೂಲೆಯಲ್ಲಿ ಇಟ್ಟೆ. ಒಂದಕ್ಕೆ ಪಾದರಸ, ಒಂದಕ್ಕೆ ಕ್ರೋಮಿಯಂ, ಒಂದಕ್ಕೆ ಆರ್ಗಾನಿಕ್ ಸಾಲ್ವೆಂಟ್. ಅಟೆಂಡರ್‌ಗಳಿಗೂ ಗೊತ್ತಾಗಲಿ ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ "ಪಾದರಸ ಇದೆ, ಸಿಂಕ್‌ಗೆ ಹಾಕಬೇಡಿ" ಅಂತ ಬರೆದು ಅಂಟಿಸಿದೆ. ಮಕ್ಕಳು ಒಂದೇ ವಾರದಲ್ಲಿ ಕಲಿತ್ರು, ಅವರೇ ಒಬ್ಬರಿಗೊಬ್ಬರು "ಲೋ ಅದು ಕ್ಯಾನಿಗೆ" ಅಂತ ಹೇಳೋಕೆ ಶುರು ಮಾಡಿದ್ರು. ಎರಡು ಸೆಮಿಸ್ಟರಲ್ಲಿ ನಾಲ್ಕು ಕ್ಯಾನ್ ತುಂಬಿತು. ಇದನ್ನ ವಿಲೇವಾರಿ ಮಾಡಿಸಬೇಕು, ಇಷ್ಟು ಖರ್ಚಾಗಬಹುದು ಅಂತ ಆಫೀಸಿಗೆ ಮೂರು ಸಲ ಲೆಟರ್ ಕೊಟ್ಟೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಕಮಿಟಿ ಬರುತ್ತೆ ಅಂತಾಯ್ತು. ನಾನು ಊರಲ್ಲಿ ಮದುವೆ ಅಂತ ಎರಡು ದಿನ ರಜಾ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಬಂದು ನೋಡ್ತೀನಿ, ನಾಲ್ಕೂ ಕ್ಯಾನ್ ಲ್ಯಾಬ್ ಹಿಂದಿನ ಕಟ್ಟೆ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿದ್ದಾರೆ. ಒಂದು ಕ್ಯಾನಿನ ಬಾಯಿಂದ ಇನ್ನೂ ಹನಿ ತೊಟ್ಟಿಕ್ತಿತ್ತು. ನಾನು ಬರೆದ ಚೀಟಿ ನೆಂದು ಅಕ್ಷರ ಹರಡಿತ್ತು. ಕೇಳಿದ್ರೆ "ಕಮಿಟಿ ಬರೋ ಟೈಮಲ್ಲಿ ಗಲೀಜು ಕಾಣುತ್ತೆ ಅಂತ ಖಾಲಿ ಮಾಡೋಕೆ ಮೇಲಿಂದ ಹೇಳಿದ್ರು ಸಾರ್" ಅಂದ್ರು ಅಟೆಂಡರ್. ಅವರದ್ದೇನೂ ತಪ್ಪಿಲ್ಲ. ಒಂದು ವರ್ಷ ಸಿಂಕ್‌ಗೆ ಬೀಳದ ಹಾಗೆ ಕೂಡಿಟ್ಟಿದ್ದು ಒಂದೇ ಸಂಜೆಗೆ ಒಟ್ಟಿಗೆ ಹೋಯ್ತು, ಸ್ವಲ್ಪ ಸ್ವಲ್ಪ ಹೋಗಿದ್ದಕ್ಕಿಂತ ಕೆಟ್ಟದಾಗಿ. ನನ್ನ ಸರ್ವೀಸಲ್ಲಿ ಅಷ್ಟು ನೋವು ಮಾಡಿದ ದಿನ ಇನ್ನೊಂದಿಲ್ಲ. ನ್ಯಾಕ್ ರಿಪೋರ್ಟಿನಲ್ಲಿ ಲಿಕ್ವಿಡ್ ವೇಸ್ಟ್, ಹಜಾರ್ಡಸ್ ಕೆಮಿಕಲ್ ಏನು ಮಾಡ್ತೀರಿ ಅಂತ ಕೇಳೋ ಜಾಗನೇ ಇತ್ತು, ಆ ಕ್ಯಾನ್‌ಗಳು ಅಲ್ಲೇ ಇದ್ದಿದ್ರೆ ಕಮಿಟಿಯವರಿಗೆ ಕರ್ಕೊಂಡು ಬಂದು ತೋರಿಸಬಹುದಿತ್ತು.

ಹಾಗಾಗಿ ನನ್ನ ಕೋರಿಕೆಗಳನ್ನ ನೇರವಾಗೇ ಹೇಳ್ತೀನಿ.

ಎಲ್ಲಕ್ಕಿಂತ ಮೊದಲು, ಪಾದರಸ ಬೇಕಾಗೋ ಪ್ರಯೋಗ ಇನ್ನೂ ಮಾಡಿಸ್ತಿದ್ರೆ ನಿಲ್ಲಿಸಿ. ಡೈಕ್ರೋಮೇಟ್ ಟೈಟ್ರೇಷನ್ ಕಲಿಸೋಕೆ ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಸಾಕು, ಇಂಟರ್ನಲ್ ಇಂಡಿಕೇಟರ್ ಹಾಕಿ ಮಾಡಿಸಿ, ಮೇಣದ ಕಾಗದನೂ ಬೇಡ. ಅದಿರೇ ಬೇಕು ಅಂದ್ರೆ ಟೈಟಾನಿಯಂ ಕ್ಲೋರೈಡ್ ಹಾಕಿ ಮಾಡೋ ಪಾದರಸ ಇಲ್ಲದ ಪದ್ಧತಿ ಇದೆ. ಸಿಲೆಬಸ್ ಮಾಡೋ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಕೂರೋರು ನೀವೇ ಅಲ್ವಾ ಮೇಡಂ, ಸರ್, ಮುಂದಿನ ಮೀಟಿಂಗಲ್ಲಿ ಒಬ್ಬರು ಬಾಯಿ ಬಿಟ್ರೆ ಸಾಕು. ಲ್ಯಾಬಿನ ಗಾಜಿನ ಥರ್ಮಾಮೀಟರ್‌ಗಳನ್ನೂ ಪಾದರಸ ಇಲ್ಲದವಕ್ಕೆ ಬದಲಾಯಿಸಿ.

ಕ್ರೋಮಿಯಂದು ಅಲ್ಲೇ ಲ್ಯಾಬಲ್ಲೇ ಮುಕ್ಕಾಲು ಕೆಲಸ ಮುಗಿಸಬಹುದು, ಅದಕ್ಕೆ ದುಡ್ಡೂ ಬೇಡ. ಬ್ಯಾಚ್ ಮುಗಿದ ಮೇಲೆ ಬ್ಯುರೆಟಲ್ಲಿ ಉಳಿದ ಡೈಕ್ರೋಮೇಟ್ ಕ್ಯಾನಿಗೆ ಸುರಿದು, ಆಸಿಡ್ ಇದೆ ಅಂತ ನೋಡ್ಕೊಂಡು, ಉಳಿದಿರೋ ಮೋರ್ಸ್ ಸಾಲ್ಟ್ ಸೊಲ್ಯೂಷನ್ನೇ ಅದಕ್ಕೆ ಸೇರಿಸ್ತಾ ಹೋಗಿ. ಕಿತ್ತಳೆ ಬಣ್ಣ ಕಣ್ಮುಂದೆನೇ ಹಸಿರಾಗುತ್ತೆ. ಆಮೇಲೆ ಸುಣ್ಣ, ಪಿಎಚ್ ಪೇಪರ್ 8ರಿಂದ 9 ತೋರಿಸೋ ತನಕ. ರಾತ್ರಿ ಬಿಟ್ರೆ ಬೆಳಿಗ್ಗೆ ಕೆಳಗೆ ಕಂದು-ಹಸಿರು ಗಷ್ಟು, ಮೇಲೆ ತಿಳಿ ನೀರು. ತಿಳಿ ನೀರು ಸ್ವಲ್ಪ ತಗೊಂಡು ಆಸಿಡ್ ಮಾಡಿ, ಡೈಫಿನೈಲ್ ಕಾರ್ಬಜೈಡ್ ಹಾಕಿ ನೇರಳೆ ಬಣ್ಣ ಬರಲಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಕ್ಯಾನ್ ತುಂಬ ಇದ್ದಿದ್ದು ಸ್ವಲ್ಪ ಗಷ್ಟಿಗೆ ಇಳಿಯುತ್ತೆ, ಅದನ್ನ ಒಣಗಿಸಿ ಡಬ್ಬಿಯಲ್ಲಿ ತೆಗೆದಿಡಿ. ಇದನ್ನೇ ಮಕ್ಕಳಿಗೆ ಒಂದು ಪ್ರಯೋಗ ಅಂತ ಮಾರ್ಕ್ಸ್ ಕೊಟ್ಟು ಮಾಡಿಸಬಹುದು, ಹೊಟ್ಟೆ ತುಂಬಾ ಕಲೀತಾರೆ. ಪಾದರಸದ ಕ್ಯಾನ್ ಮಾತ್ರ ಹೀಗೆ ತಿಳಿ ಬಸಿದು ಚೆಲ್ಲಬೇಡಿ, ಬಿಳಿ ಪುಡಿ ಕೆಳಗೆ ಕೂತ್ರೂ ಹೆಚ್ಚಾದ ಮರ್ಕ್ಯುರಿಕ್ ಕ್ಲೋರೈಡ್ ಮೇಲಿನ ನೀರಲ್ಲಿ ಕರಗೇ ಇರುತ್ತೆ, ಅದು ಪೂರ್ತಿ ಹಾಗೇ ಹೊರಗೆ ಹೋಗಬೇಕು.

ಹೊರಗೆ ಅಂದ್ರೆ ಎಲ್ಲಿಗೆ ಅಂತ ಕೇಳ್ತೀರಿ, ನನ್ನನ್ನೂ ಎಲ್ಲಾರೂ ಅದೇ ಕೇಳಿದ್ರು. 2016ರ ಹಜಾರ್ಡಸ್ ವೇಸ್ಟ್ ನಿಯಮ ಇದೆ, ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯಲ್ಲಿ ಇಂಥ ತ್ಯಾಜ್ಯಕ್ಕೇ ಅಂತ ಜಾಗ ಇದೆ. ನಿಯಮದ ಪ್ರಕಾರ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳೋ ಹಾಗಿಲ್ಲ, ಸಣ್ಣ ಪ್ರಮಾಣದವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ 180 ದಿನದ ತನಕ ಅವಕಾಶ ಕೊಡಬಹುದು. ಒಂದು ಕಾಲೇಜಿನ ನಾಲ್ಕು ಕ್ಯಾನಿಗೆ ಅಂತ ಒಂದು ಗಾಡಿ ಕರೆಸೋದು ದುಬಾರಿ, ಅದು ನಿಜ, ಒಪ್ತೀನಿ. ಅದಕ್ಕೇ ಕೇಳ್ತಿರೋದು, ಒಂದೇ ಏರಿಯಾದ ಹತ್ತು ಕಾಲೇಜು ಸೇರಿ ಸೆಮಿಸ್ಟರ್‌ಗೆ ಒಂದು ಸಲ ಒಂದೇ ಗಾಡಿ ಕರೆಸೋ ವ್ಯವಸ್ಥೆ ಮಾಡ್ಕೊಳ್ಳಿ, ಕಲ್ಚರಲ್ ಫೆಸ್ಟಿಗೆ ಎಷ್ಟೋ ಕಾಲೇಜು ಸೇರ್ತೀರಿ, ಇದಕ್ಕೂ ಸೇರಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಈ ಪತ್ರ ಓದಿದ್ರೆ, ಕಾಲೇಜುಗಳಿಗೆ ಅಂತಾನೇ ಇಂಥ ಒಂದು ಸರಳ ದಾರಿ, ಕಮ್ಮಿ ಪೇಪರ್‌ವರ್ಕ್‌ನಲ್ಲಿ, ಮಾಡಿಕೊಡಿ ಅಂತ ಕೈಮುಗಿದು ಕೇಳ್ತೀನಿ.

ಬಯೋಟೆಕ್, ಲೈಫ್ ಸೈನ್ಸ್ ವಿಭಾಗದವರಿಗೆ ಒಂದು ಮಾತು. ನಿಮ್ಮ ಬಫರ್‌ಗಳಲ್ಲಿ, ಕಿಟ್‌ಗಳಲ್ಲಿ ಕೆಡದೇ ಇರಲಿ ಅಂತ ಸೋಡಿಯಂ ಅಜೈಡ್ ಹಾಕಿರ್ತಾರೆ, ಅದು ತಾಮ್ರ ಅಥವಾ ಸೀಸದ ಪೈಪಲ್ಲಿ ಕೂತು ಸಿಡಿಯೋ ಪದಾರ್ಥ ಆಗುತ್ತೆ, ಹಳೇ ಬಿಲ್ಡಿಂಗ್ ಆದ್ರೆ ಪ್ಲಂಬಿಂಗ್ ಒಂದು ಸಲ ನೋಡಿಸಿ. ಸ್ಪೆಸಿಮೆನ್ ಜಾರಿನ ಫಾರ್ಮಲಿನ್ ಬದಲಾಯಿಸಿದಾಗ ಹಳೇದನ್ನ ಸಿಂಕ್‌ಗೆ ಬಗ್ಗಿಸಬೇಡಿ.

ಕೊನೇದಾಗಿ, ಲ್ಯಾಬ್ ಕ್ಲೀನ್ ಮಾಡೋರಿಗೆ, ಟ್ರ್ಯಾಪ್ ಬಿಚ್ಚೋರಿಗೆ ದಪ್ಪ ರಬ್ಬರ್ ಗ್ಲೌಸ್ ಕೊಡಿಸಿ, ಯಾವ ಬಾಟಲಲ್ಲಿ ಏನಿದೆ ಅಂತ ಕನ್ನಡದಲ್ಲಿ, ಅವರು ತಮಿಳೋ ತೆಲುಗೋ ಹಿಂದಿಯೋ ಆಡೋರಾದ್ರೆ ಅದರಲ್ಲೂ, ಕೂರಿಸ್ಕೊಂಡು ಹೇಳಿ. ಇಂಗ್ಲಿಷ್ ಚಾರ್ಟ್ ಗೋಡೆ ಮೇಲೆ ಇದ್ರೆ ಅವರಿಗೆ ಏನೂ ಉಪಯೋಗ ಇಲ್ಲ. ಮೇಲಿಂದ ಯಾರೇ "ಖಾಲಿ ಮಾಡಿ" ಅಂದ್ರೂ ವಿಭಾಗದ ಮುಖ್ಯಸ್ಥರ ಸೈನ್ ಇಲ್ಲದೆ ಕ್ಯಾನ್ ಮುಟ್ಟೋ ಹಾಗಿಲ್ಲ ಅಂತ ಒಂದು ಸರ್ಕ್ಯುಲರ್ ಹಾಕಿ.

ನಾನು ಮಾಡಿದ ವಿಧಾನ, ಯಾವ ಪ್ರಯೋಗಕ್ಕೆ ಎಷ್ಟು ವೇಸ್ಟ್ ಬರುತ್ತೆ, ಯಾವುದನ್ನ ಯಾವುದರ ಜೊತೆ ಸೇರಿಸಬಾರದು, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ. ಯಾವ ಕಾಲೇಜು ಕರೆದ್ರೂ ಬರ್ತೀನಿ, ನಿಮ್ಮ ಇನ್‌ಸ್ಟ್ರಕ್ಟರ್, ಅಟೆಂಡರ್‌ಗಳ ಜೊತೆ ಅರ್ಧ ದಿನ ನಿಂತು ತೋರಿಸಿ ಕೊಡ್ತೀನಿ, ಬಸ್ ಚಾರ್ಜೂ ಬೇಡ. ಸೆಮಿಸ್ಟರ್ ಶುರು ಆಗೋದಕ್ಕೆ ಮುಂಚೆ ಕರೀರಿ, ಮೊದಲನೇ ಬ್ಯಾಚ್ ಬರೋ ಹೊತ್ತಿಗೆ ಕ್ಯಾನ್‌ಗಳು ಸಿಂಕ್ ಪಕ್ಕ ಇರಬೇಕು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಇನ್‌ಸ್ಟ್ರಕ್ಟರ್, ಕೋಲಾರ ಜಿಲ್ಲೆ